ಹುಳದ ಮನೆಯ ಮಳೆ

ರೇಷ್ಮೆ ಹುಳ ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಮೇಲೆ ಅದರ ಹಸಿವಿಗೆ ಲಂಗುಲಗಾಮು ಇರುವುದಿಲ್ಲ. ಮೊಟ್ಟೆಯೊಡೆದ ದಿನದಿಂದ ಗೂಡು ಕಟ್ಟುವ ದಿನದವರೆಗೆ ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚನ್ನು ಅದು ಈ ಕೊನೆಯ ಒಂದು ವಾರದಲ್ಲೇ ಮುಗಿಸುತ್ತದೆ. ಸಂಜೆಯ ಸೊಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ಹುಳದ ಮನೆಯ ಬಾಗಿಲಲ್ಲಿ ನಿಂತರೆ ಬಾಳೆ ಎಲೆಯ ಮೇಲೆ ಸೋನೆ ಹಿಡಿದಂಥ ಸದ್ದು. ಮೊದಲ ಸಲ ಕೇಳಿದವರು ಕಿಟಕಿಯಾಚೆ ಕೈ ಚಾಚಿ ನೋಡುತ್ತಾರೆ. ಚಿಕ್ಕವನಿದ್ದಾಗ ನಾನೂ ಚಾಚಿದ್ದೆ, ಅಂಗೈ ಒಣಗಿಯೇ ಇತ್ತು.

ಈ ಸದ್ದು ಸಾಫ್ಟ್‌ವೇರ್ ಬರೆಯುವವನಿಗೂ ಒದಗುತ್ತದೆಂದು ನನಗೆ ತಿಳಿದದ್ದು 2020ರಲ್ಲಿ. ಲಾಕ್‌ಡೌನ್ ಆದಾಗ ಬೆಂಗಳೂರಿನ ಪಿಜಿಗಳು ಖಾಲಿಯಾಗಿ ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿಗಳು ತುಂಬಿದವಲ್ಲ, ಆಗ ನನ್ನ ಅಕ್ಕನ ಮಗನೂ ಲ್ಯಾಪ್‌ಟಾಪ್ ಹೆಗಲಿಗೇರಿಸಿಕೊಂಡು ಊರಿಗೆ ಬಂದ. ಕೆ.ಎಂ. ದೊಡ್ಡಿ ದಾಟಿದ ಮೇಲೆ, ಮದ್ದೂರು–ಮಳವಳ್ಳಿ ರಸ್ತೆಯಿಂದ ಒಳಕ್ಕಿರುವ ಊರು. ನೆಟ್‌ವರ್ಕ್ ಹೇಗೋ ಸಿಕ್ಕಿತು, ನೆಮ್ಮದಿ ಸಿಗಲಿಲ್ಲ. ಹಜಾರದಲ್ಲಿ ಟಿವಿ, ಅಡುಗೆಮನೆಯಲ್ಲಿ ಕುಕ್ಕರ್, ಬೀದಿಯಲ್ಲಿ ಹಾಡು ಹಾಕಿಕೊಂಡು ಹೋಗುವ ಟ್ರ್ಯಾಕ್ಟರು. ಇಯರ್‌ಫೋನ್ ಸಿಕ್ಕಿಸಿ ಒಂದು ವಾರ ಸಿನಿಮಾ ಹಾಡು ಹಾಕಿಕೊಂಡ, ಆಮೇಲೆ ಹುಳದ ಮನೆಗೆ ಹೊಂದಿಕೊಂಡಿದ್ದ ಸೊಪ್ಪಿನ ಕೋಣೆಗೆ ಕುರ್ಚಿ ಮೇಜು ಸಾಗಿಸಿದ. ಹುಳದ ಮನೆಗೆ ಕಂಡವರೆಲ್ಲ ನುಗ್ಗುವ ಹಾಗಿಲ್ಲ, ರೋಗ ತಗುಲೀತು ಎಂಬ ಭಯ. ಆದರೆ ನಡುವಿನ ಬಾಗಿಲಿಗೆ ಇದ್ದದ್ದು ಬರೀ ಸೊಳ್ಳೆ ಪರದೆ.

ಹೇಗಿದೆಯೋ ನಿನ್ನ ಹೊಸ ಆಫೀಸು ಎಂದು ಕೇಳಿದೆ. “ಇಲ್ಲಿ ಕೂತ್ರೆ ತಲೆ ಓಡ್ತದೆ ಮಾವ. ಹಾಡು ಹಾಕ್ಕೊಂಡ್ರೆ ಕೈ ಓಡ್ತದೆ, ತಲೆ ಓಡಕಿಲ್ಲ,” ಎಂದ.

ಕೈ ಬೇರೆ, ತಲೆ ಬೇರೆ. ಅವನು ಯೋಚಿಸಿ ಹೇಳಿದ್ದಲ್ಲ, ಆದರೆ ಈ ವಿಷಯದ ಮೇಲೆ ಅರ್ಧ ಶತಮಾನದಿಂದ ನಡೆದ ಪ್ರಯೋಗಗಳನ್ನು ಜೋಡಿಸಿಕೊಳ್ಳಲು ನನಗೆ ಅದಕ್ಕಿಂತ ಒಳ್ಳೆಯ ಗೂಟ ಸಿಕ್ಕಿಲ್ಲ.

ಮೊದಲು ತಲೆಯ ಕಡೆ ನೋಡೋಣ. ಯಾರೋ ಫೋನ್ ನಂಬರ್ ಹೇಳುತ್ತಾರೆ, ಬರೆದುಕೊಳ್ಳಲು ಪೆನ್ ಇಲ್ಲ. ಪೆನ್ ಸಿಗುವವರೆಗೆ ತುಟಿಯೊಳಗೇ ಗುನುಗುತ್ತಾ ಓಡಾಡುತ್ತೇವೆ. ಅಷ್ಟರಲ್ಲಿ ಮನೆಯವರು “ಹಾಲು ಎಷ್ಟು ಲೀಟರ್ ತರಲಿ?” ಎಂದರೆ ನಂಬರ್ ಹೋಯಿತು. 1974ರಲ್ಲಿ ಬ್ರಿಟನ್ನಿನ ಅಲನ್ ಬ್ಯಾಡ್‌ಲಿ ಮತ್ತು ಗ್ರಹಾಂ ಹಿಚ್ ಎಂಬ ಮನಶ್ಶಾಸ್ತ್ರಜ್ಞರು ಈ ಗುನುಗಿಗೆ ಮಿದುಳಿನ ಕೆಲಸದಲ್ಲಿ ಒಂದು ನಿಶ್ಚಿತ ಸ್ಥಾನ ಕೊಟ್ಟರು. ಕ್ಷಣಕಾಲ ಇಟ್ಟುಕೊಳ್ಳಬೇಕಾದ ಮಾತು, ಅಂಕಿ, ಹೆಸರುಗಳನ್ನು ನಾವು ಒಳದನಿಯಲ್ಲಿ ಮತ್ತೆ ಮತ್ತೆ ಹೇಳಿಕೊಂಡು ಬದುಕಿಸಿಕೊಳ್ಳುತ್ತೇವೆ, ಹೇಳುವುದನ್ನು ನಿಲ್ಲಿಸಿದರೆ ಸುಮಾರು ಎರಡು ಸೆಕೆಂಡಿನಲ್ಲಿ ಅವು ಮಾಸತೊಡಗುತ್ತವೆ ಎಂಬುದು ಅವರ ಮಾದರಿ.

ಪ್ರೋಗ್ರಾಂ ಬರೆಯುವವನ ತಲೆಯಲ್ಲಿ ಇಂಥ ಗುನುಗು ಇಡೀ ದಿನ. ಈ ಲೆಕ್ಕ ಯಾವ ಹೆಸರಿನ ಡಬ್ಬಿಯಲ್ಲಿದೆ, ಅದನ್ನು ಯಾವ ಸಾಲು ಬದಲಿಸಿತು, ಬದಲಿಸಿದ್ದನ್ನು ಮುಂದೆ ಯಾರು ಓದುತ್ತಾರೆ, ಲಿಸ್ಟ್ ಖಾಲಿಯಿದ್ದರೆ ಏನಾಗುತ್ತದೆ. ನಾಲ್ಕೈದು ಎಳೆಗಳನ್ನು ಒಟ್ಟಿಗೆ ಬೆರಳ ಸಂದಿಯಲ್ಲಿ ಹಿಡಿದುಕೊಂಡು ಆರನೆಯದನ್ನು ಹೊಸೆಯುವ ಕೆಲಸ. ಒಂದು ಜಾರಿದರೆ ಮತ್ತೆ ಮೇಲಿನಿಂದ ಓದಬೇಕು.

1976ರಲ್ಲಿ ಅಮೆರಿಕದ ಕೋಲ್ ಮತ್ತು ವೆಲ್ಷ್ ಸರಳವಾದ ಒಂದು ಪ್ರಯೋಗ ಮಾಡಿದರು. ಪರದೆಯ ಮೇಲೆ ಒಂದಾದ ಮೇಲೊಂದು ತೋರಿಸಿದ್ದನ್ನು ಅದೇ ಕ್ರಮದಲ್ಲಿ ಹೇಳಬೇಕು, ಅಷ್ಟೇ. ಕಿವಿಗೆ ಬೀಳುವುದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ ಎಂದು ಮೊದಲೇ ಹೇಳಿದ್ದರು. ಆದರೂ ಹಿನ್ನೆಲೆಯಲ್ಲಿ ಯಾರೋ ಓದುತ್ತಿದ್ದಾಗ ತಪ್ಪುಗಳು ಹೆಚ್ಚಾದವು. ಆ ಓದು ಇದ್ದದ್ದು ಜರ್ಮನ್ ಭಾಷೆಯಲ್ಲಿ, ಕೇಳಿದವರಿಗೆ ಜರ್ಮನ್ ಬರುತ್ತಿರಲಿಲ್ಲ! “ನಾನು ಕೊರಿಯನ್ ಹಾಡು ಹಾಕ್ಕೊಳ್ತೀನಿ, ಅರ್ಥ ಆಗಲ್ಲ, ಹಾಗಾಗಿ ತೊಂದರೆಯಿಲ್ಲ” ಎನ್ನುವ ಹುಡುಗರಿಗೆ ನಾನು ಹೇಳುವ ಕತೆ ಇದು. ಅರ್ಥವಾಗದಿದ್ದರೂ ಮಾತು ಮಾತೇ, ಒಳದನಿ ಇರುವ ಕೋಣೆಗೆ ಅದು ಬಾಗಿಲು ತಟ್ಟದೆ ಬರುತ್ತದೆ. (ಪುಸ್ತಕ ಓದಿ ಅರ್ಥ ಮಾಡಿಕೊಳ್ಳುವಾಗಿನ ಲೆಕ್ಕ ಬೇರೆ. ಅಲ್ಲಿ ಗೊತ್ತಿರುವ ಭಾಷೆಯೇ ಹೆಚ್ಚು ಕಾಡುತ್ತದೆ.) ಮುಂದೆ 1989ರಲ್ಲಿ ಪಿಯರ್ ಸಲಾಮೆ ಮತ್ತು ಬ್ಯಾಡ್‌ಲಿ ಇದೇ ಪರೀಕ್ಷೆಯಲ್ಲಿ ಸಂಗೀತ ಹಾಕಿ ನೋಡಿದರು. ಹಾಡುಗಾರಿಕೆ ಇದ್ದರೆ ತಪ್ಪುಗಳು ಹೆಚ್ಚು, ವಾದ್ಯ ಮಾತ್ರ ಇದ್ದರೆ ಕಡಿಮೆ. ಬರೀ ಭೋರ್ಗರೆವ ಸದ್ದು ಇದ್ದಾಗ ಮೌನದಲ್ಲಿ ಹೇಗೋ ಹೆಚ್ಚುಕಡಿಮೆ ಹಾಗೇ.

ಇಲ್ಲಿ ಒಂದು ತಕರಾರಿದೆ. ಕೋಡ್ ಓದುವಾಗ ಮಿದುಳು ನಿಜಕ್ಕೂ ಭಾಷೆಯನ್ನೇ ಬಳಸುತ್ತದೆಯೇ? 2014ರಲ್ಲಿ ಜರ್ಮನಿಯ ತಂಡವೊಂದು 17 ಜನರನ್ನು ಸ್ಕ್ಯಾನರ್‌ನೊಳಗೆ ಮಲಗಿಸಿ ಪುಟ್ಟ ಪ್ರೋಗ್ರಾಂಗಳನ್ನು ಓದಿಸಿತು. ಗಮನ, ಕ್ಷಣದ ನೆನಪು, ಭಾಷೆ ಇವುಗಳಿಗೆ ಸಂಬಂಧಪಟ್ಟ ಐದು ಜಾಗಗಳು ಚುರುಕಾದವು ಎಂದಿತು. 2020ರಲ್ಲಿ ಎಂಐಟಿಯವರು ಹೆಚ್ಚು ಬಿಗಿಯಾಗಿ ಅಳೆದು, ಭಾಷೆಯ ಜಾಗ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಲೆಕ್ಕ ಒಗಟು ಮುಂತಾದ ಕಷ್ಟದ ಕೆಲಸಗಳಿಗೆಲ್ಲ ಒದಗುವ ಬೇರೊಂದು ಜಾಲ ಕೋಡ್ ಓದುತ್ತದೆ ಎಂದರು. ನನಗೆ ಎರಡನೆಯದೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಆದರೆ ಅದರಿಂದ ಹಾಡಿನ ಮೇಲಿನ ಆರೋಪ ಬಿದ್ದುಹೋಗುವುದಿಲ್ಲ. ತರ್ಕ ಬೇರೆಡೆ ನಡೆಯಲಿ, ಆ ತರ್ಕಕ್ಕೆ ಬೇಕಾದ ಹೆಸರುಗಳನ್ನೂ ಅವುಗಳ ಸರದಿಯನ್ನೂ ಗುನುಗಿಯೇ ಹಿಡಿದುಕೊಳ್ಳಬೇಕಲ್ಲ.

ಇನ್ನು ಕೈ. ಹಾಡಿನಿಂದ ಕೈ ಓಡುತ್ತದೆ ಎಂಬುದಕ್ಕೆ ಮಂಡ್ಯ ಜಿಲ್ಲೆಯವರಿಗೆ ಲ್ಯಾಬೊರೇಟರಿ ಬೇಕಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಬಿಟ್ಟ ಮೇಲೆ ಗದ್ದೆಯ ಕೆಸರಿಗಿಳಿದ ಹೆಂಗಸರು ಸಾಲಾಗಿ ಬಗ್ಗಿ ನಾಟಿ ಹಾಕುವಾಗ ಒಬ್ಬಾಕೆ ಪದ ಎತ್ತುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ರಾಗಿ ಬೀಸುವಾಗ ಹಾಗೇ, ಕುಟ್ಟುವಾಗ ಹಾಗೇ. ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯ ಜೀ.ಶಂ. ಪರಮಶಿವಯ್ಯ ಊರೂರು ಅಲೆದು ಕೂಡಿಸಿದ ಜನಪದದ ರಾಶಿಯ ಹಿಂದೆ ದುಡಿಮೆಯ ಈ ಲೋಕವೇ ಇದೆ. ಪದದ ಲಯಕ್ಕೆ ಕೈ ಕೂಡಿಕೊಳ್ಳುತ್ತದೆ, ಪಕ್ಕದವಳ ಕೈಯೂ ಅದೇ ಲಯಕ್ಕೆ ಬೀಳುತ್ತದೆ, ಸಾಲು ಮುರಿಯುವುದಿಲ್ಲ, ಸೊಂಟದ ನೋವು ಸ್ವಲ್ಪ ಹೊತ್ತು ಮರೆತಿರುತ್ತದೆ. ಮುಖ್ಯವಾದ ಮಾತೆಂದರೆ, ನಾಟಿ ಹಾಕಲು ನಾಲಿಗೆ ಬೇಕಾಗಿಲ್ಲ. ಪೈರು ಎಲ್ಲಿ ಊರಬೇಕೆಂದು ಕೈಗೆ ಗೊತ್ತು, ಒಳದನಿ ಖಾಲಿ ಕೂತಿರುತ್ತದೆ. ಹಾಡು ಬಂದು ಆ ಖಾಲಿ ಜಾಗದಲ್ಲಿ ಕೂರುತ್ತದೆ.

ಇದನ್ನೇ ಬಿಬಿಸಿ ಯುದ್ಧಕ್ಕೆ ಬಳಸಿಕೊಂಡಿತು. 1940ರ ಜೂನ್ 23ರಂದು ಶುರುವಾದ ‘ಮ್ಯೂಸಿಕ್ ವೈಲ್ ಯು ವರ್ಕ್’ ಕಾರ್ಯಕ್ರಮ ದಿನಕ್ಕೆರಡು ಸಲ ಕಾರ್ಖಾನೆಗಳ ಧ್ವನಿವರ್ಧಕದಲ್ಲಿ ಮೊಳಗಿ ಮದ್ದುಗುಂಡು ತಯಾರಿಸುವವರ ಬೇಸರ ಕಳೆಯುತ್ತಿತ್ತು, 1967ರವರೆಗೆ ನಡೆಯಿತು. ಅಮೆರಿಕದಲ್ಲಿ ಮ್ಯೂಜಾಕ್ ಎಂಬ ಕಂಪನಿ 15 ನಿಮಿಷದ ಕಂತುಗಳಲ್ಲಿ ಸಂಗೀತದ ಬಿರುಸು ಏರಿಸುತ್ತಾ ಹೋಗಿ ಆಫೀಸು, ಕಾರ್ಖಾನೆಗಳಿಗೆ ಮಾರಿತು. ಎಲ್ಲವೂ ಕೈಯ ಹಾಡುಗಳೇ. ತಪ್ಪಾದದ್ದು ಮುಂದೆ, ಕೈಗೆ ಹಿಡಿಸಿದ ಔಷಧವನ್ನು ತಲೆಗೂ ಹಚ್ಚಲು ಹೊರಟಾಗ.

ಹಾಗಾದರೆ ಇಯರ್‌ಫೋನ್ ಹಾಕಿಕೊಂಡ ಲಕ್ಷಾಂತರ ಪ್ರೋಗ್ರಾಮರುಗಳೆಲ್ಲ ಮೂರ್ಖರೇ? ಅಲ್ಲ. ಕೆನಡಾದ ನಾಲ್ಕು ಸಾಫ್ಟ್‌ವೇರ್ ಕಂಪನಿಗಳ 56 ಜನರನ್ನು ಅವರವರ ಮೇಜಿನಲ್ಲೇ ಐದು ವಾರ ಗಮನಿಸಿದ ತೆರೆಸಾ ಲೆಸಿಯುಕ್ 2005ರಲ್ಲಿ ಪ್ರಕಟಿಸಿದ ಅಧ್ಯಯನ ಸಂಗೀತದ ಪರವಾಗಿದೆ. ಸಂಗೀತ ಕಿತ್ತುಕೊಂಡಾಗ ಕೆಲಸಕ್ಕೆ ಹಿಡಿದ ಹೊತ್ತು ಹೆಚ್ಚಾಯಿತು, ಗುಣಮಟ್ಟವೂ ಮನಸ್ಸಿನ ಉಲ್ಲಾಸವೂ ಇಳಿದವು. ಪತ್ರಿಕೆಗಳು ಇದನ್ನು ಎತ್ತಿ ತೋರಿಸುತ್ತವೆ. ನನಗೊಂದು ಅನುಮಾನ. ಹಾಡು ಕೊಟ್ಟು ರೂಢಿ ಮಾಡಿಸಿ, ಆಮೇಲೆ ಕಿತ್ತುಕೊಂಡು ಅಳೆದರೆ ಅದು ಸಂಗೀತದ ಲಾಭವೋ, ಕಿತ್ತುಕೊಂಡದ್ದರ ನಷ್ಟವೋ? ನಮ್ಮೂರವರಿಗೆ ಒಂದು ವಾರ ಕಾಫಿ ನಿಲ್ಲಿಸಿ ಲೆಕ್ಕ ಮಾಡಿಸಿ ನೋಡಿ. ಅವರು ಅಳೆದದ್ದು ಸುಳ್ಳೆನ್ನುತ್ತಿಲ್ಲ. ಹಿತವಾದ ಹಾಡು ಮನಸ್ಸನ್ನು ಗೆಲುವಾಗಿಡುತ್ತದೆ, ಗೆಲುವಾದ ಮನಸ್ಸು ಬೇಗ ಕೈಚೆಲ್ಲುವುದಿಲ್ಲ, ಆ ಲಾಭ ನಿಜವೇ.

‘ಮೊಜಾರ್ಟ್ ಪರಿಣಾಮ’ದ ಬಣ್ಣ ಬಯಲಾದದ್ದೂ ಹೀಗೇ. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ 36 ಕಾಲೇಜು ವಿದ್ಯಾರ್ಥಿಗಳ ಮೇಲಿನ ಪುಟ್ಟ ವರದಿ ಬಂತು. ಮೊಜಾರ್ಟ್‌ನ ಪಿಯಾನೊ ಸೊನಾಟಾ ಹತ್ತು ನಿಮಿಷ ಕೇಳಿದವರು ಕಾಗದ ಮಡಿಸಿ ಕತ್ತರಿಸುವಂಥ ಒಗಟುಗಳಲ್ಲಿ ಮುಂದಿದ್ದರು, ಅದೂ 10–15 ನಿಮಿಷದ ಮಟ್ಟಿಗೆ. ಅಷ್ಟಕ್ಕೇ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ 1998ರಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಶಾಸ್ತ್ರೀಯ ಸಂಗೀತದ ಸಿ.ಡಿ. ಕೊಡಲು ಹೊರಟರು. 2001ರಲ್ಲಿ ಕೆನಡಾದ ಸಂಶೋಧಕರು ಪರೀಕ್ಷಿಸಿ, ಕೇಳುಗರ ಉಲ್ಲಾಸ ಮತ್ತು ಎಚ್ಚರದ ಮಟ್ಟವನ್ನು ಲೆಕ್ಕದಿಂದ ಕಳೆದರೆ ಮೊಜಾರ್ಟ್‌ಗೆ ಉಳಿಯುವುದು ಏನೂ ಇಲ್ಲ ಎಂದು ತೋರಿಸಿದರು.

ಉಲ್ಲಾಸಕ್ಕೂ ಬೆಲೆ ತೆರಬೇಕಾಗಬಹುದು. ಟಾಮ್ ಡಿಮಾರ್ಕೊ ಮತ್ತು ತಿಮೊಥಿ ಲಿಸ್ಟರ್ 1987ರ ತಮ್ಮ ‘ಪೀಪಲ್‌ವೇರ್’ ಪುಸ್ತಕದಲ್ಲಿ 1960ರ ದಶಕದ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಯೋಗವೊಂದನ್ನು ಹೇಳುತ್ತಾರೆ. ವಿದ್ಯಾರ್ಥಿಗಳಿಗೆ ಫೋರ್ಟ್ರಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆಯಲು ಕೊಟ್ಟರು. ಅರ್ಧ ಜನ ಸದ್ದಿಲ್ಲದ ಕೋಣೆಯಲ್ಲಿ, ಅರ್ಧ ಜನ ಇಯರ್‌ಫೋನ್ ಸಂಗೀತದೊಂದಿಗೆ. ವೇಗದಲ್ಲಾಗಲಿ ತಪ್ಪುಗಳಲ್ಲಾಗಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಆದರೆ ಆ ಲೆಕ್ಕದಲ್ಲೊಂದು ಕೀಟಲೆ ಅಡಗಿತ್ತು. ಅಂಕಿಯನ್ನು ಎಡಕ್ಕೆ ಎರಡು ಸ್ಥಾನ ಸರಿಸಿ, ನೂರರಿಂದ ಭಾಗಿಸಿ, ಹೀಗೆ ಸುತ್ತಿ ಬಳಸಿ ಹೋದರೆ ಕೊನೆಗೆ ಬರುವುದು ಹೊರಟ ಅಂಕಿಯೇ! ಏನೂ ಮಾಡದಿದ್ದರೂ ಉತ್ತರ ಅದೇ. ಇದನ್ನು ಕಂಡುಕೊಂಡವರು ಕೆಲವರೇ, ಅವರಲ್ಲಿ ಬಹುಪಾಲು ಮೌನದ ಕೋಣೆಯವರು. ಶಿಸ್ತಾಗಿ ಪ್ರಕಟವಾದ ಅಧ್ಯಯನವಲ್ಲ ಇದು, ಕತೆಯೆಂದೇ ಇಟ್ಟುಕೊಳ್ಳಿ. ಆದರೂ ನನ್ನ ಅಳಿಯನ ಮಾತಿಗೆ ಇದಕ್ಕಿಂತ ಚೆಂದದ ವ್ಯಾಖ್ಯಾನ ನಾನು ಕಂಡಿಲ್ಲ. ಹಾಡಿನವರ ಕೈ ಓಡಿತ್ತು.

ಹೀಗಾಗಿ ಕೋಡ್ ಬರೆಯುವವನ ಪರಮ ಶತ್ರು ಯಾರೆಂದರೆ ನಾನು ಭಾವಗೀತೆ ಎನ್ನುತ್ತೇನೆ. ಇದೇ ಜಿಲ್ಲೆಯ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಬಂತು, ಆಮೇಲೆ ಅದರ ಕವಿತೆಗಳು ಮನೆಮನೆಯ ಹಾಡಾದವು. ಸುಗಮ ಸಂಗೀತದ ಇಡೀ ಶ್ರಮ ಪದ ಸ್ಪಷ್ಟವಾಗಿ ಕೇಳಲಿ, ಪ್ರತಿ ಮಾತು ಎದೆಗೆ ತಾಗಲಿ ಎಂಬುದಕ್ಕೆ. ಅದು ಗೆದ್ದಷ್ಟೂ ನಿಮ್ಮ ಲೂಪ್ ಸೋಲುತ್ತದೆ. ಅದನ್ನು ಕೊಳಲಲ್ಲೋ ಸ್ಯಾಕ್ಸಫೋನಿನಲ್ಲೋ ಕೇಳಿದರೆ ಸರಿಹೋದೀತೆ? ಬಾಯಿಪಾಠವಾದ ಹಾಡಾದರೆ ಕಷ್ಟ. ವಾದ್ಯ ಬಿಟ್ಟ ಮಾತನ್ನು ನಾವೇ ಒಳಗೆ ತುಂಬಿಕೊಳ್ಳುತ್ತೇವೆ. ಸಂಗೀತ ಕಲಿತವರಿಗಂತೂ ಆಲಾಪನೆಯೂ ಬಿಡುವು ಕೊಡುವುದಿಲ್ಲ, ಅವರು ಕೂತು ರಾಗ ಗುರುತಿಸುತ್ತಿರುತ್ತಾರೆ.

ಹಾಗಾದರೆ ತಲೆಯನ್ನು ಕಾಡದ ಸದ್ದು ಎಂಥದು? ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಜನಪದ ಸಂತ ಮಂಟೇಸ್ವಾಮಿಯ ಮಠವಿದೆ. ಆ ಪರಂಪರೆಯ ನೀಲಗಾರರು ತಂಬೂರಿ, ದಮ್ಮಡಿ, ಗಗ್ಗರ ಹಿಡಿದು ಮಂಟೇಸ್ವಾಮಿ ಕಾವ್ಯವನ್ನು ರಾತ್ರಿಯಿಡೀ ಹಾಡುತ್ತಾರೆ. ಹಾಡುಗಾರನ ಮುಂದೆ ಪುಸ್ತಕವಿಲ್ಲ, ಸಾವಿರಾರು ಸಾಲು ತಲೆಯಲ್ಲೇ. ಕತೆ ಏರುತ್ತದೆ, ಇಳಿಯುತ್ತದೆ, ಅಳಿಸುತ್ತದೆ, ಬೈಯುತ್ತದೆ, ತಂಬೂರಿ ಮಾತ್ರ ಮೊದಲಿನಿಂದ ಕೊನೆಯವರೆಗೆ ಅದೇ ಶ್ರುತಿ. ಕಾರ್ಡಿಫ್‌ನ ಡಿಲನ್ ಜೋನ್ಸ್ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ಕಂಡುಕೊಂಡದ್ದು ಈ ತಂಬೂರಿಯ ಗುಣವನ್ನೇ ಎನ್ನಬಹುದು. ಅವರ ಪ್ರಕಾರ ನೆನಪಿನ ಸರದಿಯನ್ನು ಕೆಡಿಸುವುದು ಸದ್ದಿನೊಳಗಿನ ಬದಲಾವಣೆ. ಒಂದೇ ಅಕ್ಷರವನ್ನು ನೂರು ಸಲ ಹೇಳಿದರೆ ಅಷ್ಟೇನೂ ತೊಂದರೆಯಿಲ್ಲ, ಬೇರೆ ಬೇರೆ ಅಕ್ಷರಗಳನ್ನು ಹೇಳಿದರೆ ತೊಂದರೆ. ಮಾತೇ ಆಗಬೇಕಿಲ್ಲ, ಏರಿಳಿವ ಸ್ವರಗಳೂ ಸಾಕು. ಸದ್ದು ಸಣ್ಣದಿದೆಯೋ ದೊಡ್ಡದಿದೆಯೋ ಎಂಬುದು ಇಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ‘ಸೌಂಡ್ ಕಮ್ಮಿ ಮಾಡ್ಕೊಂಡಿದೀನಿ’ ಎಂಬ ಸಮಾಧಾನ ಕಿವಿಗೆ ಒಳ್ಳೆಯದು, ತಲೆಗೆ ಅದರಿಂದ ದೊಡ್ಡ ಉಪಕಾರವಿಲ್ಲ.

ಹೀಗೇಕೆ ಎಂದು ತಿಳಿಯಲು ಅಕ್ಕಿ ಗಿರಣಿಯ ಪಕ್ಕದ ಮನೆಯಲ್ಲಿ ಒಂದು ಮಧ್ಯಾಹ್ನ ಮಲಗಿದರೆ ಸಾಕು. ಗಿರಣಿ ಓಡುತ್ತಿರುವಷ್ಟು ಹೊತ್ತೂ ಒಳ್ಳೆಯ ನಿದ್ದೆ, ಕರೆಂಟ್ ಹೋಗಿ ಗಿರಣಿ ನಿಂತ ಕೂಡಲೇ ಎಚ್ಚರ. ಕಿವಿಗೆ ರೆಪ್ಪೆಯಿಲ್ಲ, ರಾತ್ರಿಯೂ ಅದು ಕಾವಲು ಕಾಯುತ್ತದೆ. ಕಾವಲುಗಾರ ಇದ್ದದ್ದು ಇದ್ದಂತೇ ಇದ್ದರೆ ವರದಿ ಮಾಡುವುದಿಲ್ಲ, ಬದಲಾದರೆ ಮಾಡುತ್ತಾನೆ.

ಇನ್ನು ಹುಳದ ಸದ್ದು ಬದಲಾಗುವುದಿಲ್ಲವೇ? ಒಂದೊಂದು ಹುಳವೂ ತನ್ನಿಷ್ಟಕ್ಕೆ ಕಚ್ಚುತ್ತದೆ, ನಿಲ್ಲುತ್ತದೆ, ತಲೆಯೆತ್ತುತ್ತದೆ. ಲಯವೇ ಇಲ್ಲ. ಗುಟ್ಟು ಇರುವುದು ಆ ಲಯವಿಲ್ಲದಿರುವುದರಲ್ಲೇ. ನೂರು ಚಿಟ್ಟೆಗಳಿಟ್ಟ ಮೊಟ್ಟೆ ಸಾಕಿದರೆ ಸುಮಾರು 40 ಸಾವಿರ ಹುಳ. ಒಂದು ಕ್ಷಣಕ್ಕೆ ಸರಾಸರಿ 10 ಸಾವಿರ ಕಡಿತ ಎಂದುಕೊಳ್ಳೋಣ. ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳು ಹೀಗೆ ಕೂಡಿದಾಗ ಅವುಗಳ ಮೊತ್ತದ ಏರುಪೇರು ಸರಾಸರಿಯ ವರ್ಗಮೂಲದಷ್ಟಿರುತ್ತದೆ. 10 ಸಾವಿರದ ವರ್ಗಮೂಲ 100, ಅಂದರೆ ಏರುಪೇರು ಶೇ 1. ಬರೀ ನಾಲ್ಕು ಕಡಿತಗಳಿದ್ದರೆ ವರ್ಗಮೂಲ 2, ಏರುಪೇರು ಶೇ 50. ನಾಲ್ಕು ಹುಳ ತಿಂದರೆ ಕಟಕಟ, 40 ಸಾವಿರ ತಿಂದರೆ ಸೋನೆ ಮಳೆ. ಮಳೆಯೂ ಅಷ್ಟೇ, ಹನಿಗೆ ಹನಿ ಕೇಳಿ ಬೀಳುವುದಿಲ್ಲ. ಹಾಡುಗಾರರು ಲಯ ಕೂಡಿಸಿ ಕಿವಿಯನ್ನು ಎಬ್ಬಿಸುತ್ತಾರೆ, ಹುಳಗಳು ಲಯ ತಪ್ಪಿ ಮಲಗಿಸುತ್ತವೆ.

ಇದೇ ಲೆಕ್ಕದ ದೊಡ್ಡ ರೂಪ ನೋಡಬೇಕಾದರೆ ಮಳವಳ್ಳಿಯಿಂದ ಶಿವನಸಮುದ್ರಕ್ಕೆ ಹೋಗಿ, ಮಳೆಗಾಲದಲ್ಲಿ ಗಗನಚುಕ್ಕಿಯ ಎದುರು ನಿಲ್ಲಬೇಕು. ಏಷ್ಯಾದ ಮೊದಮೊದಲ ಜಲವಿದ್ಯುತ್ ಕೇಂದ್ರಗಳಲ್ಲೊಂದು ಇಲ್ಲಿ 1902ರಲ್ಲಿ ಶುರುವಾಗಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿತು. ನೀರಿನ ಶಕ್ತಿಯಲ್ಲಿ ತಂತಿಗೆ ಸಿಗದ ಒಂದಿಷ್ಟು ಸದ್ದಾಗಿ ಗಾಳಿಗೆ ಹೋಗುತ್ತದೆ. ಆ ಭೋರ್ಗರೆತದಲ್ಲಿ ಮಂದ್ರದಿಂದ ತಾರದವರೆಗೆ ಎಲ್ಲ ಕಂಪನಗಳೂ ಬೆರೆತಿರುತ್ತವೆ, ಬೆಳಕಿನ ಬಣ್ಣಗಳೆಲ್ಲ ಕೂಡಿದರೆ ಬಿಳಿಯಾಗುವ ಹಾಗೆ. ಎಲ್ಲ ಕಂಪನವೂ ಸಮನಾಗಿರುವ ಸದ್ದಿಗೆ ‘ವೈಟ್ ನಾಯ್ಸ್’ ಎಂಬ ಹೆಸರು ಬಂದದ್ದು ಹಾಗೇ. ಎರಡು ಮಾರು ದೂರದಲ್ಲಿ ನಿಂತ ಹೆಂಡತಿ ಏನೋ ಹೇಳುತ್ತಾಳೆ, ತುಟಿ ಆಡುವುದಷ್ಟೇ ಕಾಣುತ್ತದೆ. ಮಾತಿನ ಕಂಪನಗಳು ಒಳಗಿವಿಯ ಯಾವ ಕೂದಲ ಕೋಶಗಳನ್ನು ಅಲುಗಿಸಬೇಕಿತ್ತೋ ಅವನ್ನು ನೀರು ಆಗಲೇ ಅಲುಗಿಸುತ್ತಿರುತ್ತದೆ. ಮಾತಿಗೆ ಖಾಲಿ ಸೀಟಿಲ್ಲ. ಹುಳದ ಮನೆ ಟಿವಿಯ ಧಾರಾವಾಹಿಯನ್ನು ಅಳಿಯನ ಕಿವಿಯಿಂದ ಅಳಿಸಿದ್ದು ಹೀಗೆ, ಸಣ್ಣ ಪ್ರಮಾಣದಲ್ಲಿ. ಈಚಿನ ಹತ್ತು ವರ್ಷದಲ್ಲಿ ಹುಡುಗರು ಹಗಲು ರಾತ್ರಿ ಕೇಳುವ ‘ಲೋಫೈ’ ಸಂಗೀತದ ಹಿಂದೆ ಮಳೆಯ ಸದ್ದು, ಹಳೆಯ ರೆಕಾರ್ಡಿನ ಚಟಪಟ ಬೆರೆಸಿರುತ್ತಾರಲ್ಲ, ಅದು ಇದರ ದಾಯಾದಿ.

ಎಲ್ಲರಿಗೂ ಇದು ಒಗ್ಗುತ್ತದೆಂದೂ ಅಲ್ಲ. ಸ್ವೀಡನ್ನಿನ ಸೊಡರ್‌ಲುಂಡ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೈಟ್ ನಾಯ್ಸ್ ಕೇಳಿಸಿದಾಗ ಗಮನದ ತೊಂದರೆಯಿದ್ದ ಮಕ್ಕಳು ಚುರುಕಾದರು, ಉಳಿದ ಮಕ್ಕಳು ಮಂಕಾದರು. 1997ರಲ್ಲಿ ಲಂಡನ್ನಿನ ಫರ್ನ್‌ಹ್ಯಾಮ್ ಮತ್ತು ಬ್ರಾಡ್ಲಿ ನೋಡಿದ ಹಾಗೆ ಪಾಪ್ ಹಾಡಿನ ನಡುವೆ ನೆನಪಿನ ಪರೀಕ್ಷೆ ಕೊಟ್ಟಾಗ ಒಳಮುಖಿಗಳು ಬಹಿರ್ಮುಖಿಗಳಿಗಿಂತ ಹಿಂದೆ ಬಿದ್ದರು. ಬೇಸರದ ಕೆಲಸಕ್ಕೆ, ನೂರು ಸಲ ಮಾಡಿ ರೂಢಿಯಾದ ಕೋಡ್‌ಗೆ, ಹೆಸರು ಬದಲಿಸುವ, ಪಟ್ಟಿ ಹೊಂದಿಸುವಂಥ ಕೈಗೆಲಸಕ್ಕೆ ನನ್ನ ಅಳಿಯ ಈಗಲೂ ಸಿನಿಮಾ ಹಾಡೇ ಹಾಕಿಕೊಳ್ಳುತ್ತಾನೆ. ಅದು ನಾಟಿ ಹಾಕುವ ಹೊತ್ತು ಅಷ್ಟೇ.

ಆ ವರ್ಷ ನಾಲ್ಕನೇ ಜ್ವರದಿಂದ ಎದ್ದ ಏಳನೇ ದಿನಕ್ಕೆ ಹುಳ ಹಣ್ಣಾಯಿತು. ಹಣ್ಣಾದ ಹುಳ ತಿನ್ನುವುದನ್ನು ಬಿಡುತ್ತದೆ, ಮೈ ಹೊಂಬಣ್ಣಕ್ಕೆ ತಿರುಗಿ ಗೂಡಿಗೆ ಜಾಗ ಹುಡುಕುತ್ತದೆ. ಮನೆಯವರೆಲ್ಲ ಸೇರಿ ಹುಳ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟರು. ಅಂದು ರಾತ್ರಿ ಮಳೆ ನಿಂತಿತು, ಹಜಾರದ ಧಾರಾವಾಹಿ ಒಂದಕ್ಷರ ಬಿಡದೆ ಕೇಳತೊಡಗಿತು, ಅಳಿಯ ಕುರ್ಚಿ ಮೇಜು ಎತ್ತಿಕೊಂಡು ಮಾಳಿಗೆಗೆ ಹೋದ. ಮುಂದಿನ ಬೆಳೆಗೆ ಅವನು ಮೊಬೈಲ್‌ನಲ್ಲಿ ಆ ಸದ್ದನ್ನು ಹಿಡಿದಿಟ್ಟುಕೊಂಡ. ಈಗ ಬೆಂಗಳೂರಿನ ಆಫೀಸಿನಲ್ಲಿ ಅದನ್ನೇ ಸುತ್ತಿ ಸುತ್ತಿ ಹಾಕಿಕೊಳ್ಳುತ್ತಾನೆ. ನಲವತ್ತು ನಿಮಿಷದ ರೆಕಾರ್ಡಿಂಗ್. ಒಂದು ಕಡೆ ನನ್ನ ಅಕ್ಕನ ದನಿಯಿದೆ. ಅವಳು ತೋಟದಿಂದ ಬಂದವಳು ಒಳಗೆ ರೆಕಾರ್ಡಿಂಗ್ ನಡೆಯುವುದು ಗೊತ್ತಿಲ್ಲದೆ, “ಲೋ ಪುಟ್ಟಾ, ಸೊಪ್ಪಿನ ಹೊರೆ ಇಳಿಸ್ಕೊ ಬಾರ್ಲಾ,” ಎಂದು ಕೂಗುತ್ತಾಳೆ.

ಒಂದು ಕಿವಿಯ ಮಾತಿಗೆ ಗಮನ ಕೊಟ್ಟವರು ಇನ್ನೊಂದು ಕಿವಿಗೆ ಬಿದ್ದ ಮಾತನ್ನು ಪೂರಾ ಮರೆತರೂ ತಮ್ಮ ಹೆಸರು ಬಂದರೆ ಸುಮಾರು ಮೂವರಲ್ಲಿ ಒಬ್ಬರಾದರೂ ಗುರುತಿಸುತ್ತಾರೆಂದು ನೆವಿಲ್ ಮೊರೆ 1959ರಲ್ಲಿ ತೋರಿಸಿದ್ದರು. ಅದನ್ನು ಹೇಳಿ, “ಆ ಕೂಗನ್ನ ಕತ್ತರಿಸಿಬಿಡೋ, ಪ್ರತಿ ಸಲ ಗಮನ ತಪ್ಪುತ್ತೆ,” ಎಂದೆ.

“ತಪ್ತದೆ ಮಾವ, ಇರ್ಲಿ,” ಎಂದ. “ಅವ್ವ ಕೂಗ್ದಾಗ ಎದ್ದೋಗಿ ನೀರು ಕುಡ್ಕೊಂಡ್ ಬತ್ತೀನಿ. ಇಲ್ದಿದ್ರೆ ಕೂತಲ್ಲೇ ಕೂತಿರ್ತೀನಿ.”